ಉಪ್ಪು ನೀರಿನಲ್ಲಿ ಉಕ್ಕು ಕೊರೆಯುವುದು ಹೇಗೆ?

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ವಾಲ್ವ್ ಬ್ಲಾಕ್‌ಗೆ (ಒತ್ತಡದ ಎಣ್ಣೆ ಹರಿಯುವ ದಾರಿಗಳಿರುವ ಲೋಹದ ಗಟ್ಟಿಗೆ) ತೂತು ಹಾಕುವವರಿಗೆ ಬರ್ ಅಂದರೆ ತಲೆನೋವು. ಎರಡು ತೂತುಗಳು ಒಳಗೆ ಸೇರುವ ಜಾಗದಲ್ಲಿ ಡ್ರಿಲ್ ಬಿಟ್ಟುಹೋಗುವ ಲೋಹದ ಸಣ್ಣ ಚೂರು ಅದು. ಅಲ್ಲಿಗೆ ಕಾನಸು ತೂರುವುದಿಲ್ಲ. ಹಾಗೇ ಬಿಟ್ಟರೆ ಒಂದು ದಿನ ಕಳಚಿ ಎಣ್ಣೆಗೆ ಸೇರಿ ವಾಲ್ವ್ ಜಾಮ್ ಆಗುತ್ತದೆ. ಕಾನಸು ಹೋಗದ ಕಡೆ ಉಪ್ಪು ನೀರು ಹೋಗುತ್ತದೆ ಅಲ್ವಾ? ಅದರ ಜೊತೆ ಕರೆಂಟು ಕಳಿಸಿದರೆ ಎಲೆಕ್ಟ್ರೋಕೆಮಿಕಲ್ ಮಷಿನಿಂಗ್, ಚಿಕ್ಕದಾಗಿ ಇಸಿಎಂ.

ಪ್ಲೇಟಿಂಗ್, ಅಂದರೆ ಕರೆಂಟಿನಿಂದ ಲೋಹದ ಲೇಪ ಹಾಕುವುದು ಗೊತ್ತಿದ್ದರೆ, ಇದು ಅದರ ಉಲ್ಟಾ. ಜಾಬ್‌ಗೆ (ಕೊರೆಯಬೇಕಾದ ಲೋಹಕ್ಕೆ) ಪ್ಲಸ್, ಟೂಲ್‌ಗೆ (ಕೊರೆಯುವ ಉಪಕರಣಕ್ಕೆ) ಮೈನಸ್. ಎರಡೂ ತಾಗಬಾರದು. ನಡುವೆ ಅರ್ಧ ಮಿಲಿಮೀಟರ್‌ಗೂ ಕಡಿಮೆ ಸಂದು, ಅದರಲ್ಲಿ ಪಂಪ್ ಹಾಕಿ ನುಗ್ಗಿಸಿದ ಉಪ್ಪು ನೀರು. ಪ್ಲಸ್ ಕಡೆ ಕಬ್ಬಿಣ ಕರಗುತ್ತದೆ, ಮೈನಸ್ ಕಡೆ ಬರೀ ಹೈಡ್ರೋಜನ್ ಗುಳ್ಳೆ. ಹಾಗಾಗಿ ಟೂಲ್ ಸವೆಯುವುದಿಲ್ಲ. ಜಾಬ್ ಎಷ್ಟೇ ಗಟ್ಟಿ ಇದ್ದರೂ ಲೆಕ್ಕಕ್ಕಿಲ್ಲ.

ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಕರಗುವ ಕಬ್ಬಿಣ ಸುಮಾರು 1 ಗ್ರಾಂ. ವಿಜ್ಞಾನಿ ಫ್ಯಾರಡೆ 1830ರ ದಶಕದಲ್ಲೇ ಕೊಟ್ಟ ನಿಯಮದ ಲೆಕ್ಕ ಇದು. ದೊಡ್ಡ ಮಷಿನ್‌ಗಳು ಹತ್ತಿಪ್ಪತ್ತು ವೋಲ್ಟಿನಲ್ಲೇ ಸಾವಿರಾರು ಆಂಪಿಯರ್ ಎಳೆಯುವುದು ಅದಕ್ಕೇ.

ಮನೆಯಲ್ಲಿ ನೋಡಬೇಕಾ? ಸಾದಾ ಕಬ್ಬಿಣದ ಪಟ್ಟಿ ತಗೊಳ್ಳಿ. ಸ್ಟೀಲ್ ಚಮಚ ಬೇಡ, ಅದರಲ್ಲಿರುವ ಕ್ರೋಮಿಯಂನಿಂದ ವಿಷದ ವಸ್ತು ಹುಟ್ಟಬಹುದು. ಪಟ್ಟಿಗೆ ನೇಲ್ ಪಾಲಿಶ್ ಬಳಿದು ಒಣಗಿಸಿ. ಸೂಜಿಯಿಂದ ಹೆಸರು ಗೀಚಿ, ಲೋಹ ಕಾಣಬೇಕು. ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು ಕಲಸಿ. 9 ವೋಲ್ಟ್ ಬ್ಯಾಟರಿಯ ಪ್ಲಸ್ ವೈರನ್ನು ಪಟ್ಟಿಯ ಪಾಲಿಶ್ ಇಲ್ಲದ ತುದಿಗೆ ಕಟ್ಟಿ. ಮೈನಸ್ ವೈರಿನ ತುದಿಗೆ ದಪ್ಪಗೆ ಹತ್ತಿ ಸುತ್ತಿ, ಉಪ್ಪು ನೀರಲ್ಲಿ ಅದ್ದಿ, ಅಕ್ಷರದ ಮೇಲೆ ಒತ್ತಿ. ಚುಯ್ ಎಂದು ನೊರೆ ಬರುತ್ತದೆ. ಹತ್ತಿ ಮೊದಲು ಹಸಿರು, ಆಮೇಲೆ ಕಂದು. ಆ ಗಲೀಜೇ ಕರಗಿದ ಕಬ್ಬಿಣ. ಕೊಳೆಯಾದ ಹತ್ತಿ ಬದಲಿಸುತ್ತ ಎರಡು ಮೂರು ನಿಮಿಷ ಮಾಡಿ. ಸುಮ್ನೆ ಒಮ್ಮೆ ವೈರು ಅದಲುಬದಲು ಮಾಡಿ ನೋಡಿ: ಗುಳ್ಳೆ ಬಂದರೂ ಅಕ್ಷರ ಆಳವಾಗುವುದಿಲ್ಲ.

ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಗೋಡೆಯ ಪ್ಲಗ್ಗಿನ ಕರೆಂಟಂತೂ ಬೇಡವೇ ಬೇಡ.

ಮುಗಿದ ಮೇಲೆ ಚೆನ್ನಾಗಿ ತೊಳೆದು, ಒರೆಸಿ, ಎಣ್ಣೆ ಸವರಿ. ನನ್ನ ಮೊದಲ ಪಟ್ಟಿಗೆ ಎಣ್ಣೆ ಹಚ್ಚುವುದು ಮರೆತಿದ್ದೆ. ಬೆಳಿಗ್ಗೆ ನೋಡಿದರೆ ಹೆಸರೆಲ್ಲ ತುಕ್ಕು.