ಕೋಳಿಯ ವೈರಸ್‌ಗೆ ಕ್ಯಾನ್ಸರ್ ಕೆಲಸ ಹಚ್ಚಿದ ಅನುಭವ

ಕೋಳಿ ಸಾಕಿದವರಿಗೆ ಕೊಕ್ಕರೆ ರೋಗ ಗೊತ್ತಿರುತ್ತದೆ. ಹಸಿರು ಭೇದಿ, ತಿರುಚಿದ ಕತ್ತು, ಕೆಲವೇ ದಿನಗಳಲ್ಲಿ ಗೂಡು ಖಾಲಿ. ರಾಣಿಖೇತ್, ನ್ಯೂಕ್ಯಾಸಲ್ ಅಂದರೂ ಅದೇ. ವೆಟರ್ನರಿ ಓದಿ ವೈರಾಲಜಿಗೆ ಹೋದ ನಾನು ಕ್ಯಾನ್ಸರ್ ಕೋಶ ಕೊಲ್ಲಿಸಲು ಲ್ಯಾಬ್‌ನಲ್ಲಿ ಬೆಳೆಸಿದ್ದು ಆ ರೋಗದ ವೈರಸ್ಸನ್ನೇ. ಕೋಳಿ ಕೊಲ್ಲುವ ತಳಿ ಅಲ್ಲ. ಮರಿಗಳ ಕಣ್ಣಿಗೆ ಹನಿ ಹಾಕುವ ಲಸೋಟಾ ಲಸಿಕೆಯ ತಳಿ.

ಮನುಷ್ಯನ ಆರೋಗ್ಯವಂತ ಕೋಶಕ್ಕೆ ಇದು ಹೊಕ್ಕರೆ ಇಂಟರ್‌ಫೆರಾನ್ ಎಂಬ ಕಾವಲು ಪ್ರೋಟೀನ್ ಎದ್ದು ತಡೆಯುತ್ತದೆ. ಎಷ್ಟೋ ಕ್ಯಾನ್ಸರ್ ಕೋಶಗಳಲ್ಲಿ ಆ ಕಾವಲು ಕೆಟ್ಟಿರುತ್ತದೆ. ಅಲ್ಲಿ ವೈರಸ್ ಬೆಳೆದು ಕೋಶವನ್ನು ಕೊಲ್ಲುತ್ತದೆ, ರೋಗನಿರೋಧಕ ವ್ಯವಸ್ಥೆಯೂ ಎಚ್ಚರಗೊಳ್ಳುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಇದರ ವಿರುದ್ಧ ಮೊದಲೇ ಆಂಟಿಬಾಡಿ ಇರುವುದಿಲ್ಲ ಎನ್ನುವುದೂ ಅನುಕೂಲ.

ವೈರಸ್‌ನ ಜೀನೋಮ್, ಅಂದರೆ ಅದರ ಜೀನ್‌ಗಳ ಪೂರ್ತಿ ಸರಪಳಿ, ಆರ್‌ಎನ್‌ಎ. ಅದನ್ನು ನೇರವಾಗಿ ಕತ್ತರಿಸಿ ಅಂಟಿಸಲು ಆಗದು. ಮೊದಲು ಡಿಎನ್‌ಎ ಪ್ರತಿ ಮಾಡಿ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಇಟ್ಟೆ. ವೈರಸ್‌ನ ಪಿ ಮತ್ತು ಎಂ ಎಂಬ ಜೀನ್‌ಗಳ ನಡುವೆ, ರೋಗನಿರೋಧಕ ಕೋಶಗಳನ್ನು ಕರೆಯುವ ಜಿಎಂ-ಸಿಎಸ್‌ಎಫ್ ಪ್ರೋಟೀನ್‌ನ ಜೀನ್ ಸೇರಿಸಿದೆ. ಇಲ್ಲೊಂದು ಕಟ್ಟುನಿಟ್ಟಿನ ಲೆಕ್ಕ: ಜೀನೋಮಿನ ಒಟ್ಟು ಅಕ್ಷರಗಳು 6ರಿಂದ ಭಾಗವಾಗಬೇಕು. ಲಸೋಟಾದ್ದು 15,186. ಜೀನೋಮನ್ನು ಸುತ್ತಿಕೊಳ್ಳುವ ಎನ್ ಪ್ರೋಟೀನಿನ ಒಂದೊಂದು ಕಣ ಆರಾರು ಅಕ್ಷರಗಳನ್ನು ಹಿಡಿದುಕೊಳ್ಳುತ್ತದೆ. ಲೆಕ್ಕ ತಪ್ಪಿದರೆ ಜೀನೋಮ್ ಸರಿಯಾಗಿ ನಕಲಾಗುವುದಿಲ್ಲ.

ಈ ಪ್ಲಾಸ್ಮಿಡ್ ಜೊತೆಗೆ, ಜೀನೋಮ್ ನಕಲಿಗೆ ಬೇಕಾದ ಎನ್, ಪಿ, ಎಲ್ ಪ್ರೋಟೀನ್‌ಗಳ ಪ್ಲಾಸ್ಮಿಡ್‌ಗಳನ್ನೂ ಕೋಶಗಳಿಗೆ ಹಾಕಬೇಕು. ಹೀಗೆ ಡಿಎನ್‌ಎಯಿಂದ ಜೀವಂತ ವೈರಸ್ ಪಡೆಯುವುದಕ್ಕೆ ನಾವು ರೆಸ್ಕ್ಯೂ ಅನ್ನುತ್ತೇವೆ. ನಂತರ ಆ ಕೋಶಗಳಿದ್ದ ದ್ರವವನ್ನು ಒಂಬತ್ತು–ಹತ್ತು ದಿನ ಕಾವು ಕೊಟ್ಟ ಕೋಳಿ ಮೊಟ್ಟೆಗೆ ಚುಚ್ಚುವುದು. ವೈರಸ್ ಬೆಳೆದ ಮೊಟ್ಟೆಯೊಳಗಿನ ದ್ರವ ತೆಗೆಯುವ ಮುಂಚಿನ ರಾತ್ರಿ ಮೊಟ್ಟೆಗಳನ್ನು ಫ್ರಿಜ್‌ನಲ್ಲಿ ಇಡಬೇಕು, ಇಲ್ಲದಿದ್ದರೆ ರಕ್ತ ಬೆರೆತುಬಿಡುತ್ತದೆ. ವೈರಸ್ ಬಂತೋ ಇಲ್ಲವೋ ನೋಡಲು ಕೋಳಿಯ ಕೆಂಪು ರಕ್ತಕಣ ಸಾಕು: ಬಟ್ಟಲ ತಳದಲ್ಲಿ ಗುಂಡಿಯಂತೆ ಕೂತರೆ ಇಲ್ಲ, ಹರಡಿಕೊಂಡರೆ ಇದೆ. ಕನ್ನಡಕ ಹಾಕಿಕೊಳ್ಳಿ, ಕಣ್ಣಿಗೆ ಸಿಡಿದರೆ ಮದ್ರಾಸ್ ಐ ತರಹ ಕೆಂಪಾಗುತ್ತದೆ.

ಆಮೇಲಿನ ಪರೀಕ್ಷೆಯನ್ನು ಯಾರೂ ಬಿಡಬಾರದು ಅನ್ನುತ್ತೇನೆ. ಮೊಟ್ಟೆಯಿಂದ ಮೊಟ್ಟೆಗೆ ದಾಟಿಸಿದ ಮೇಲೆ ಮತ್ತೆ ಸೀಕ್ವೆನ್ಸ್ ಮಾಡಿ, ಅಂದರೆ ಜೀನೋಮಿನ ಅಕ್ಷರಗಳನ್ನು ಓದಿ, ಸೇರಿಸಿದ ಜೀನ್ ಹಾಗೇ ಇದೆಯೇ, ವೈರಸ್ಸನ್ನು ಕೋಶಕ್ಕೆ ಬೆಸೆಯುವ ಎಫ್ ಪ್ರೋಟೀನ್ ತುಂಡಾಗುವ ಜಾಗ ಬದಲಾಗಿಲ್ಲವೇ ನೋಡಬೇಕು. ಈ ವೈರಸ್ ಕೋಳಿಗೆ ಸೌಮ್ಯವೋ ಮಾರಕವೋ ಅನ್ನುವುದು ಮುಖ್ಯವಾಗಿ ಆ ಜಾಗದ ಮೇಲೆ ನಿಂತಿದೆ. ಚಿಕಿತ್ಸೆ ಪಡೆದ ರೋಗಿಯಿಂದ ವೈರಸ್ ಹೊರಗೆ ಬಂದರೆ ಪಕ್ಕದ ಕೋಳಿ ಫಾರ್ಮ್ ಗತಿ ಏನು, ಅಲ್ವಾ?

ಲಸಿಕೆಗೂ ಇದೇ ದಾರಿ, ಜೀನ್ ಮಾತ್ರ ಬೇರೆ. ಲಸೋಟಾಗೆ ಕೊರೋನಾದ ಸ್ಪೈಕ್ ಪ್ರೋಟೀನ್‌ನ ಜೀನ್ ಸೇರಿಸಿ ಮೆಕ್ಸಿಕೋದವರು ‘ಪಾತ್ರಿಯಾ’ ಎಂಬ ಕೋವಿಡ್ ಲಸಿಕೆ ಮಾಡಿದರು. 2024ರಲ್ಲಿ ಅದಕ್ಕೆ ಅಲ್ಲಿ ಅನುಮತಿ ಸಿಕ್ಕಿತು. ಫ್ಲೂ ಲಸಿಕೆಯ ಹಾಗೆ ಮೊಟ್ಟೆಯಲ್ಲೇ ಬೆಳೆಯುವುದರಿಂದ ಖರ್ಚು ಕಡಿಮೆ.

ಕ್ಯಾನ್ಸರ್ ಕಡೆ ನಡಿಗೆ ನಿಧಾನ. ಇದೇ ವೈರಸ್‌ನ, ಜೀನ್ ಸೇರಿಸದ ಪಿವಿ701 ತಳಿಯನ್ನು 79 ರೋಗಿಗಳ ರಕ್ತನಾಳಕ್ಕೆ ಕೊಟ್ಟ ವರದಿ 2002ರಲ್ಲೇ ಬಂದಿತ್ತು. ಆದರೆ ಪದೇ ಪದೇ ರಕ್ತಕ್ಕೆ ಕೊಟ್ಟರೆ ವೈರಸ್ಸನ್ನು ತಡೆಯುವ ಆಂಟಿಬಾಡಿ ಹುಟ್ಟುತ್ತದೆ. ಹಾಗಾಗಿ ನಾವು ಇಲಿಗಳಲ್ಲಿ ಗಡ್ಡೆಗೇ ಚುಚ್ಚಿದೆವು. ಇನ್ನೊಂದು ಪಕ್ಕದ ಗಡ್ಡೆಯನ್ನು ಸುಮ್ನೆ ಬಿಟ್ಟೆವು. ಅದೂ ಕುಗ್ಗಬೇಕಾದರೆ ವೈರಸ್ ಒಂದೇ ಸಾಲುವುದಿಲ್ಲ. ರೋಗನಿರೋಧಕ ಕೋಶಗಳಿಗೆ ಬ್ರೇಕ್ ಹಾಕುವ ಸಿಟಿಎಲ್‌ಎ-4 ಪ್ರೋಟೀನನ್ನು ತಡೆಯುವ ಔಷಧಿ ಜೊತೆಗಿದ್ದರೆ ಫಲ ಜಾಸ್ತಿ.