ಹಿನ್ನೀರಿನ ದಂಡೆಯಲ್ಲೇ ಪಾಠ: ಮಕ್ಕಳನ್ನು ಕರೆದುಕೊಂಡು ಹೋಗುವುದು ಹೇಗೆ?

ಬಾಗಲಕೋಟೆಯಂಥ ಬಿಸಿಲೂರಿನಲ್ಲಿ ಮಕ್ಕಳಿಗೆ ತೋರಿಸೋಕೆ ನಿಸರ್ಗ ಎಲ್ಲಿದೆ ಅಂತ ಕೇಳುವ ಶಿಕ್ಷಕರು ಬಹಳ. ಪ್ರವಾಸ ಅಂದರೆ ದಾಂಡೇಲಿಗೋ ಜೋಗಕ್ಕೋ ಬಸ್ ಮಾಡುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಹೇಳೋದು ಇಷ್ಟೇ: ಊರ ಪಕ್ಕದ ಒಂದೇ ಜಾಗ ಹಿಡಿಯಿರಿ, ಅಲ್ಲೇ ಮೂರು ತಾಸು ಕೂರಿ. ನಮಗೆ ಆ ಜಾಗ ಆಲಮಟ್ಟಿ ಹಿನ್ನೀರು.

ಯಾವಾಗ ಹೋಗಬೇಕು ಅನ್ನೋದು ಮುಖ್ಯ. ಮಳೆಗಾಲದಲ್ಲಿ ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ ತುಂಬಿದಾಗ ಘಟಪ್ರಭೆಯ ಪಾತ್ರದಲ್ಲಿ ನೀರು ಹಿಂದಕ್ಕೆ ಒತ್ತಿಕೊಂಡು ಬಂದು ಬಾಗಲಕೋಟೆ ತನಕ ನಿಲ್ಲುತ್ತದೆ. ಆಗ ಆಳ ಜಾಸ್ತಿ, ಕಾಲೂರಿ ಮೇಯುವ ಹಕ್ಕಿಗಳಿಗೆ ಜಾಗ ಇರಲ್ಲ. ಬೇಸಿಗೆ ಹತ್ತಿರವಾದಂತೆ ನೀರು ಇಳಿದು ಅಂಚಿನಲ್ಲಿ ಮೊಣಕಾಲುದ್ದ ಉಳಿಯುತ್ತದೆ. ರಾಜಹಂಸಗಳು (ಫ್ಲೆಮಿಂಗೊ) ಇಳಿಯೋದು ಅಲ್ಲೇ. ಪರೀಕ್ಷೆಯ ಗಡಿಬಿಡಿ ಶುರುವಾಗೋ ಮುಂಚೆ, ಫೆಬ್ರುವರಿ ಮೊದಲ ವಾರಗಳಲ್ಲಿ ಹೋಗಿಬಿಡಿ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಬಾತುಗಳೂ ಸಿಕ್ಕರೆ ಮಕ್ಕಳ ಅದೃಷ್ಟ.

ಬೆಳಿಗ್ಗೆ ಆರೂವರೆಗೆ ದಂಡೆಯಲ್ಲಿರಿ. ಸೂರ್ಯ ಬೆನ್ನ ಹಿಂದಿರುವಂತೆ ನಿಲ್ಲಿಸಿ, ಇಲ್ಲದಿದ್ದರೆ ಹಕ್ಕಿಗಳೆಲ್ಲ ಕಪ್ಪಾಗಿ ಕಾಣುತ್ತವೆ. ಇಪ್ಪತ್ತೈದು ಮಕ್ಕಳಿಗಿಂತ ಜಾಸ್ತಿ ಬೇಡ. ರಾಡಿಯ ಬಗ್ಗೆ ಎಚ್ಚರ! ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಹಸಿ ಇರುತ್ತದೆ. ಎರೆಮಣ್ಣು ಕಾಲು ಹಿಡಿದರೆ ಸುಲಭಕ್ಕೆ ಬಿಡಲ್ಲ. ಹಗ್ಗ ಹಾಸಿ, ಇದರಾಚೆ ಯಾರೂ ಹೋಗಬಾರದು ಅಂತ ಗಟ್ಟಿಯಾಗಿ ಹೇಳಿ.

ಮೊದಲ ಅರ್ಧ ತಾಸು ಯಾವ ಹಕ್ಕಿಯ ಹೆಸರನ್ನೂ ಹೇಳಬೇಡಿ. ಹೆಸರು ಗೊತ್ತಾದ ತಕ್ಷಣ ಮಕ್ಕಳು ನೋಡೋದು ಬಿಟ್ಟು ಬರೆಯೋಕೆ ಕೂರುತ್ತಾರೆ. ಒಬ್ಬೊಬ್ಬರು ಒಂದೊಂದು ಹಕ್ಕಿ ಆರಿಸಿಕೊಂಡು ಹತ್ತು ನಿಮಿಷ ಅದನ್ನೇ ನೋಡಲಿ. ಏನು ತಿನ್ನುತ್ತಿದೆ? ಹೇಗೆ ತಿನ್ನುತ್ತಿದೆ?

ರಾಜಹಂಸ ಕುತ್ತಿಗೆ ಬಗ್ಗಿಸಿ ತಲೆಯನ್ನು ಪೂರ್ತಿ ತಲೆಕೆಳಗು ಮಾಡುತ್ತದೆ. ಮೇಲಿನ ಕೊಕ್ಕು ಕೆಳಗೆ ಬರುತ್ತದೆ. ನಾಲಿಗೆ ನೀರನ್ನು ಒಳಗೆಳೆದು ಹೊರಗೆ ತಳ್ಳುತ್ತಿದ್ದರೆ, ಕೊಕ್ಕಿನ ಅಂಚಿನ ಸಣ್ಣ ಎಳೆಗಳಲ್ಲಿ ಹುಳ, ಪಾಚಿ ಸಿಕ್ಕಿಕೊಳ್ಳುತ್ತವೆ. ಇದನ್ನು ಬಾಯಲ್ಲಿ ಹೇಳೋ ಬದಲು ಚಹಾ ಸೋಸುವ ಜಾಲರಿ ಒಯ್ಯಿರಿ. ದಂಡೆಯ ಕೆಸರುನೀರನ್ನು ಅದರಲ್ಲಿ ಸೋಸಿ, ಉಳಿದದ್ದನ್ನು ಬಿಳಿ ತಟ್ಟೆಗೆ ಹಾಕಿ ತೋರಿಸಿ. ಮಕ್ಕಳು ಮುಗಿಬೀಳುತ್ತಾರೆ. ಆ ಗುಲಾಬಿ ಬಣ್ಣವೂ ಊಟದಿಂದಲೇ ಬರೋದು ಅಂತ ಆಗ ಹೇಳಿದರೆ ಮರೆಯೋದಿಲ್ಲ. ಅಲ್ಲೇ ಪಕ್ಕದಲ್ಲಿ ಮೆಟ್ಟುಗಾಲು ಹಕ್ಕಿ ಸೂಜಿಯಂಥ ಕೊಕ್ಕಿನಿಂದ ಕುಕ್ಕುತ್ತಿರುತ್ತದೆ. ಚಮಚದ ಕೊಕ್ಕಿನ ಹಕ್ಕಿ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾ ನಡೆಯುತ್ತದೆ. ಒಂದೇ ನೀರು, ಮೂರು ಥರ ಊಟ. ಒಂದಕ್ಕೊಂದು ಜಗಳ ಯಾಕಿಲ್ಲ ಅಂತ ಕೇಳಿ, ಉತ್ತರ ಮಕ್ಕಳೇ ಕೊಡುತ್ತಾರೆ.

ಫೋಟೋಗೋಸ್ಕರ ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸೋದು ನನಗೆ ಸುತರಾಂ ಆಗಲ್ಲ. ಮೇಯುವ ಹೊತ್ತಿನಲ್ಲಿ ಸುಮ್ನೆ ಹಾರಿಸಿದರೆ ಅವುಗಳ ಶಕ್ತಿ ಹಾಳು. ಇದನ್ನು ಬಸ್ಸಿನಲ್ಲೇ ಹೇಳಿಬಿಡಿ.

ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗ ಮೀನುಗಾರರನ್ನು ಮಾತಿಗೆ ಕರೆಯಿರಿ. ಯಾವ ತಿಂಗಳು ನೀರು ಎಲ್ಲಿರುತ್ತೆ ಅನ್ನೋದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದ ಎಷ್ಟೋ ಮಕ್ಕಳ ಅಜ್ಜ-ಅಜ್ಜಿಯರ ಮನೆ ಇದೇ ನೀರಿನಡಿ ಹೋಗಿದೆ. ಅಲ್ಲಿ ಯಾವ ಗಿಡಮರ ಇದ್ದವು, ಹೊಳೆ ಎಲ್ಲಿ ಹರಿಯುತ್ತಿತ್ತು ಅಂತ ಮನೆಯಲ್ಲಿ ಕೇಳಿಕೊಂಡು ಬರಲಿ. ಈ ಊರಿನ ಪರಿಸರದ ಪಾಠ ಅದಿಲ್ಲದೆ ಪೂರ್ತಿ ಆಗಲ್ಲ.

ಮರುದಿನ ಹೆಸರು ಹುಡುಕಿ. ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಸಹಾಯಕ್ಕೆ ಇದೆ. ದಿನಾಂಕ, ಹೊತ್ತು, ಜಾಗ ಸಮೇತ ಪಟ್ಟಿಯನ್ನು ಇ-ಬರ್ಡ್‌ಗೆ (ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಹಾಕಿ. ಆಗಸ್ಟ್‌ನಲ್ಲಿ ಇದೇ ಮಕ್ಕಳನ್ನು ಅದೇ ಜಾಗಕ್ಕೆ ಕರೆದೊಯ್ಯಿರಿ. ಹಗ್ಗ ಹಾಸಿದ್ದ ಜಾಗ ಈಗ ಎಲ್ಲಿದೆ ಅಂತ ಅವರೇ ಹುಡುಕಲಿ.

ಇನ್ನೊಂದು ಪ್ರವಾಸಕ್ಕೆ ಯಡಹಳ್ಳಿ ಚಿಂಕಾರ (ಜಿಂಕೆಯಂಥ ಸಣ್ಣ ಪ್ರಾಣಿ) ವನ್ಯಧಾಮ ಇದೆ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಕೇಳಿಕೊಳ್ಳಿ.