ಆಸನದ ಲೆಕ್ಕ, ಹಾರಾಟದ ಲೆಕ್ಕ

ವಿಮಾನ ತಯಾರಕರ ಮಾರಾಟ ಪ್ರತಿನಿಧಿಗಳು ಬಂದಾಗಲೆಲ್ಲ ಮೊದಲು ಬಿಚ್ಚುವ ಹಾಳೆ ಆಸನವೊಂದಕ್ಕೆ ತಗಲುವ ವೆಚ್ಚದ್ದು. ವಿಮಾನಯಾನ ಸಂಸ್ಥೆಯಲ್ಲಿ ಮಾರ್ಗ ಯೋಜನೆ ಮಾಡುವ ನಾನು ಅದನ್ನು ಪಕ್ಕಕ್ಕಿಟ್ಟು ಇಡೀ ಹಾರಾಟದ ವೆಚ್ಚ ಕೇಳುತ್ತೇನೆ.

ಲೆಕ್ಕಕ್ಕೆ ಹೀಗೆ ಹಿಡಿಯಿರಿ: 180 ಆಸನಗಳ ವಿಮಾನದ ಒಂದು ಹಾರಾಟಕ್ಕೆ ನೂರು ರೂಪಾಯಿ, 220 ಆಸನಗಳದ್ದಕ್ಕೆ ನೂರಹನ್ನೆರಡು. ಆಸನದ ಲೆಕ್ಕದಲ್ಲಿ ದೊಡ್ಡದೇ ಅಗ್ಗ. ಆದರೆ ಚಿಕ್ಕದು 150 ಜನರಿಂದ ಖರ್ಚು ಹುಟ್ಟಿಸಿಕೊಂಡರೆ, ಅದೇ ದರದಲ್ಲಿ ದೊಡ್ಡದಕ್ಕೆ 168 ಜನ ಬೇಕು. ಆ ಹದಿನೆಂಟು ಮಂದಿ ಸಾಮಾನ್ಯವಾಗಿ ದರ ಇಳಿಸಿದರೆ ಮಾತ್ರ ಬರುತ್ತಾರೆ. ಇಳಿಸಿದ ದರ ಉಳಿದವರ ಕೈಗೂ ಸಿಗುತ್ತದೆ.

ಆದ್ದರಿಂದ ವಾರ್ಷಿಕ ಸರಾಸರಿಯನ್ನು ನಾನು ನಂಬುವುದಿಲ್ಲ. ವಾರದ ಒಂದೊಂದು ದಿನದ ಬೇಡಿಕೆಯನ್ನೂ ಬಿಡಿಸಿ ನೋಡುತ್ತೇನೆ. ಶುಕ್ರವಾರ ಸಂಜೆ ಜಾಗ ಸಿಗದವರು ನಮ್ಮದೇ ಶನಿವಾರ ಬೆಳಗಿನ ವಿಮಾನ ಹತ್ತುವುದಾದರೆ ದೊಡ್ಡ ವಿಮಾನದಿಂದ ಗಳಿಸಿದ್ದೇನೂ ಇಲ್ಲ. ಪ್ರತಿಸ್ಪರ್ಧಿಯ ಬಳಿ ಹೋಗುವುದಾದರೆ ಮಾತ್ರ ಚಿಕ್ಕ ವಿಮಾನದಿಂದ ನಷ್ಟ.

ಇನ್ನು ದೂರದ ಮಾತು. ಏರ್‌ಬಸ್ ಎ321ಎಕ್ಸ್‌ಎಲ್‌ಆರ್ 8,700 ಕಿ.ಮೀ. ಹಾರಬಲ್ಲದು ಎನ್ನುತ್ತದೆ ಜಾಹೀರಾತು. ಅಷ್ಟು ದೂರದ ಊರಿಗೆ ಟಿಕೆಟ್ ಮಾರಲು ಹೊರಟರೆ ಕಷ್ಟ. ಮೀಸಲು ಇಂಧನ, ಪರ್ಯಾಯ ನಿಲ್ದಾಣದ ದಾರಿ, ಪಶ್ಚಿಮಕ್ಕೆ ಹಾರುವಾಗಿನ ಚಳಿಗಾಲದ ಎದುರುಗಾಳಿ, ಎಲ್ಲವೂ ಅದರಲ್ಲೇ ಪಾಲು ಕೇಳುತ್ತವೆ. ನೂರರಲ್ಲಿ 85 ದಿನ ಮೀರದಂಥ ಎದುರುಗಾಳಿಯನ್ನು ಇಟ್ಟುಕೊಂಡು, ಋತುವಿಗೊಮ್ಮೆ ಬೇರೆಬೇರೆಯಾಗಿ ಲೆಕ್ಕ ಹಾಕುತ್ತೇನೆ. ರನ್‌ವೇಯೂ ಹಾಗೆಯೇ. ಬೊಲಿವಿಯಾದ ಎಲ್ ಆಲ್ಟೊ ನಿಲ್ದಾಣ 4,000 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ತೆಳು ಗಾಳಿಯಲ್ಲಿ ಎಂಜಿನ್ ಬಲವೂ ರೆಕ್ಕೆಯ ಎತ್ತುವಿಕೆಯೂ ಕುಗ್ಗುತ್ತವೆ. ಅದೇ ವಿಮಾನ, ಆದರೆ ಸರಕನ್ನೋ ಪ್ರಯಾಣಿಕರನ್ನೋ ಇಂಧನವನ್ನೋ ಇಳಿಸಬೇಕಾಗಬಹುದು. ಬೇಸಿಗೆಯ ಮಧ್ಯಾಹ್ನ ಬಿಸಿಗೆ ಗಾಳಿ ತೆಳುವಾಗಿ ಯಾವ ರನ್‌ವೇಯಲ್ಲೂ ಈ ತೊಂದರೆಯ ಸಣ್ಣ ರೂಪ ಕಾಣುತ್ತದೆ.

ಮುನ್ನೂರು ಕಿ.ಮೀ.ಯಷ್ಟು ಕಿರುಮಾರ್ಗಗಳಿಗೆ ಎಟಿಆರ್ 72ರಂಥ ಟರ್ಬೊಪ್ರಾಪ್ (ಪ್ರೊಪೆಲ್ಲರ್ ತಿರುಗಿಸುವ ಎಂಜಿನ್‌ನ ವಿಮಾನ) ಒಪ್ಪುತ್ತದೆ: ಎಪ್ಪತ್ತರ ಆಸುಪಾಸಿನ ಆಸನ, ಕಡಿಮೆ ಇಂಧನ, ಜೆಟ್‌ಗಿಂತ ಹತ್ತಿಪ್ಪತ್ತು ನಿಮಿಷ ತಡ, ಅಷ್ಟೇ. ಆದರೆ ಹೊಸ ಬಗೆ ಬಂತೆಂದರೆ ಅದಕ್ಕೇ ಬೇರೆ ಪೈಲಟ್‌ಗಳು, ಬೇರೆ ಸಿಮ್ಯುಲೇಟರ್ ತರಬೇತಿ, ಬೇರೆ ಬಿಡಿಭಾಗ, ಕೆಟ್ಟಾಗ ಬದಲಿಗೆ ಬೇರೆ ವಿಮಾನ. ಎ320, ಎ321 ಎರಡಕ್ಕೂ ಒಂದೇ ಪೈಲಟ್ ಅರ್ಹತೆ ಸಾಕಾದ್ದರಿಂದ ಅದೇ ದಿನ ಅದಲುಬದಲು ಮಾಡಬಹುದು. ಹಾಗಾಗಿ ಎರಡು ಮೂರು ವಿಮಾನಗಳಿಗಾಗಿ ಹೊಸ ಬಗೆ ತರುವ ಪ್ರಸ್ತಾಪಕ್ಕೆ ನಾನು ಸಹಿ ಹಾಕುವುದಿಲ್ಲ, ಕಿರುಮಾರ್ಗಗಳ ಗೊಂಚಲೇ ಸಿಕ್ಕರೆ ಮಾತ್ರ.

ಕೊನೆಗೆ ಹಲವರು ಗಮನಿಸದ ಸಣ್ಣ ಉಳಿತಾಯ: ಅನೇಕ ನಿಲ್ದಾಣಗಳಲ್ಲಿ ಇಳಿಯುವ ಶುಲ್ಕವನ್ನು ಪ್ರಮಾಣಪತ್ರದಲ್ಲಿರುವ ಗರಿಷ್ಠ ಟೇಕ್‌ಆಫ್ ತೂಕದ ಮೇಲೆ ಹಾಕುತ್ತಾರೆ. ಹತ್ತಿರದ ಮಾರ್ಗಗಳಿಗೇ ಮೀಸಲಾದ ವಿಮಾನಗಳಿಗೆ ನಾನು ಕಡಿಮೆ ತೂಕವನ್ನೇ ಬರೆಸುತ್ತೇನೆ. ಮುಂದೆ ದೂರದ ಮಾರ್ಗಕ್ಕೆ ಬೇಕಾದರೆ ತಯಾರಕರಿಗೆ ಹಣ ಕಟ್ಟಿ ಏರಿಸಿಕೊಳ್ಳಬಹುದು.